ಎರಡನೇ ನಂಬರು

ಟೀವಿಯಲ್ಲಿ ಗಿರಿಜಾ ಅಡುಗೆಮನೆಯ ಪರದೆ ಸರಿಸಿ ಹೊರಗೆ ಬಂದಳು. ಇತ್ತ ಮಂಚದ ಮೇಲೆ ದಿಂಬಿಗೊರಗಿದ್ದ ಮುದುಕವ್ವನ ಬಾಯಿ ತೆರೆಯಿತು. ಇದಕ್ಕಾಗಿಯೇ ಚಮಚ ಹಿಡಿದು ಕಾಯುತ್ತಿದ್ದ ಸೊಸೆ ಸುವರ್ಣಾ, ಹಾಲು ಹಾಕಿ ಮೆತ್ತಗೆ ಕಲಸಿದ ನುಚ್ಚನ್ನು ನಾಲಗೆಯ ಎಡಗಡೆಗೆ ಇಳಿಸಿದಳು. ಅತ್ತೆಯ ಗದ್ದವನ್ನು ಎದೆಯತ್ತ ಬಗ್ಗಿಸಿ, ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗೆ ಬರುವುದನ್ನು ನೋಡಿದಳು. ಒಂದು ತುತ್ತು ಇಳಿಯಿತು. ಜಾಹೀರಾತು ಬಂದರೆ ಬಾಯಿ ಮುಚ್ಚುತ್ತದೆ, ಮತ್ತೆ ಗಿರಿಜಾ ಬರುವವರೆಗೆ ತೆರೆಯುವುದಿಲ್ಲ. ಹಾಗಾಗಿ ಗಿರಿಜಾ ಇದ್ದಷ್ಟು ಹೊತ್ತಿನಲ್ಲಿ ಇಪ್ಪತ್ತೈದು ತುತ್ತಾದರೂ ಇಳಿಯಬೇಕು. ಇಳಿದರೆ ಆ ದಿನ ಗೆದ್ದಂತೆ.

ಚಮಚ ಮೇಲೆತ್ತಿದಾಗಲೆಲ್ಲ ಸುವರ್ಣಾಳ ಬಾಯಿಯೂ ತಾನಾಗಿ ತೆರೆಯುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲ. ಮೂರನೇ ಇಯತ್ತೆಯಲ್ಲಿದ್ದ ಮಗಳು ಚಿನ್ನು ಒಂದು ಶನಿವಾರ ಎದುರು ಕೂತು, ಅವ್ವನೂ ಅಜ್ಜಿಯೂ ಗುಬ್ಬಿಮರಿಗಳ ಹಾಗೆ ಜೋಡಿಯಾಗಿ ಬಾಯಿ ತೆರೆಯುವುದನ್ನು ಅಣಕಿಸಿ ತೋರಿಸಿದ ಮೇಲೆ ಗೊತ್ತಾಯಿತು. ಆಮೇಲೆ ತುಟಿ ಬಿಗಿಹಿಡಿದು ನೋಡಿದಳು. ಮೂರನೇ ತುತ್ತಿಗೆ ಮರೆತುಹೋಯಿತು.

ಮುದುಕವ್ವನಿಗೆ ಲಕ್ವಾ ಹೊಡೆದು ಮೂರು ವರ್ಷವಾಗಿತ್ತು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ದಿನ ಹೋದವು. ಗಜೇಂದ್ರಗಡದ ಪೇಟೆಯಲ್ಲಿ ಗಂಡ ತೋಟಪ್ಪ ಸತ್ತ ಮೇಲೂ ಬಾಂಡೆ ಅಂಗಡಿಯ ಗಲ್ಲೆಯ ಮೇಲೆ ಕೂತು, ಹಿತ್ತಾಳೆ ಕೊಡವನ್ನು ಬೆರಳಿನಿಂದ ಬಡಿದು ಸದ್ದಿನ ಮೇಲೆ ತೂಕ ಹೇಳುತ್ತಿದ್ದ ಹೆಂಗಸು ಅವಳು. ಈಗ ಬೆಳಿಗ್ಗೆ ಅರ್ಧ ಲೋಟ ಹಾಲು, ಸಂಜೆ ಅರ್ಧ ಲೋಟ ಹಾಲು. ಊಟವೆಂದರೆ ಮಧ್ಯಾಹ್ನ ಒಂದೂವರೆಗೆ, 'ಅರಿಶಿನದ ದಾರ' ಧಾರಾವಾಹಿ ನಡೆಯುವ ಅರ್ಧ ತಾಸು ಮಾತ್ರ. ಭಾನುವಾರ ಧಾರಾವಾಹಿ ಇಲ್ಲ. ಭಾನುವಾರ ಊಟವೂ ಇಲ್ಲ.

ಅದಕ್ಕೊಂದು ಕಾರಣವಿತ್ತು. ಮುದುಕವ್ವನ ಮಗಳು ಬಸಲಿಂಗವ್ವನನ್ನು ಹೊಳೆಮಣ್ಣೂರಿಗೆ ಕೊಟ್ಟಿದ್ದರು. ಹನ್ನೊಂದು ವರ್ಷದ ಹಿಂದೆ ಅವಳಿಗೆ ಕಾಮಣಿ ರೋಗ ಬಂದು ಮೈ ಹಳದಿಯಾದಾಗ ಗಂಡನ ಮನೆಯವರು ಬೇರು ಅರೆದು ಕುಡಿಸುತ್ತ ದಿನ ದೂಡಿದರು, ತವರಿಗೆ ಹೇಳಿ ಕಳಿಸಲಿಲ್ಲ. ಕೊನೆಯ ಐದು ದಿನ ಅವಳ ಹೊಟ್ಟೆಗೆ ಏನೂ ಹೋಗಿರಲಿಲ್ಲ ಎಂಬುದು ಮಣ್ಣು ಮಾಡಿದ ಮೇಲೆ ಗೊತ್ತಾಯಿತು. ಗಿರಿಜಾಳ ಪಾತ್ರ ಮಾಡುವ ಹುಡುಗಿ ಬಸಲಿಂಗವ್ವನ ಹಾಗೇನೂ ಇರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸುವುದು ಅದೇ ರೀತಿ, ಅಷ್ಟೇ. ಕಣ್ಣಿಗೆ ಪೊರೆ ಬಂದ ಮುದುಕಿಗೆ ಅಷ್ಟು ಸಾಕಾಗಿತ್ತು. ಮಗಳು ಬಂದು ಎದುರು ನಿಂತರೆ ಬಾಯಿ ತೆರೆಯುತ್ತಿದ್ದಳು. ಹಳೆಯ ಕಂತುಗಳನ್ನು ಮೊಬೈಲಿನಲ್ಲಿ ಹಚ್ಚಿ ಮುಖದ ಮುಂದೆ ಹಿಡಿದು ನೋಡಿದ್ದರು. ಅಷ್ಟು ಸಣ್ಣ ಪರದೆ ಅವಳಿಗೆ ಕಾಣುತ್ತಿರಲಿಲ್ಲ. ಎಡಗೈಯಿಂದ ಮೊಬೈಲನ್ನು ತಳ್ಳಿಬಿಟ್ಟಿದ್ದಳು.

ಉಣಿಸುವುದು ಮೇಲ್ನೋಟಕ್ಕೆ ಕಾಣುವಷ್ಟು ಹಗುರದ ಕೆಲಸವಲ್ಲ. ಗದಗಿನ ಡಾಕ್ಟರು ಸುವರ್ಣಾಳನ್ನು ಎದುರು ಕೂರಿಸಿಕೊಂಡು ಕಲಿಸಿದ್ದರು: ಚಮಚದ ತುದಿಯಷ್ಟೇ, ಎಡಗಡೆಗೇ, ಗದ್ದ ಕೆಳಗೆ. ಒಮ್ಮೆ ಸುವರ್ಣಾ ತವರೂರು ಅಸೂಟಿಗೆ ಹೋದಾಗ ಕಸಮುಸುರೆಗೆ ಬರುವ ಹೊಳೆವ್ವ ಉಣಿಸಲು ಹೋಗಿ, ನುಚ್ಚು ಶ್ವಾಸದ ದಾರಿಗೆ ಇಳಿದು, ಮುದುಕಿಯ ತುಟಿ ನೀಲಿಯಾಗಿತ್ತು. ಅಂದಿನಿಂದ ಅನಿಲಕುಮಾರ ತನ್ನ ತಾಯಿಯ ಚಮಚವನ್ನು ಹೆಂಡತಿಯ ಕೈಯಿಂದ ಬೇರೆ ಯಾರ ಕೈಗೂ ಕೊಡಲಿಲ್ಲ. ಅವನೂ ಹಿಡಿಯಲಿಲ್ಲ. ಅವನಿಗೆ ಅಂಗಡಿ ಇತ್ತು.

ಟೀವಿಯ ಪಕ್ಕದಲ್ಲಿ ಒಂದು ಸಣ್ಣ ಕಪ್ಪು ಡಬ್ಬಿ ಇತ್ತು. ಯಾರು ಯಾವ ಚಾನೆಲ್ಲು ನೋಡುತ್ತಾರೆ ಎಂದು ಲೆಕ್ಕ ಹಿಡಿಯುವ ಕಂಪನಿಯ ಖಾದರ ಒಂದು ವರ್ಷದ ಹಿಂದೆ ಬಂದು ಅದನ್ನು ಕೂರಿಸಿ ಹೋಗಿದ್ದ. ಅದಕ್ಕೊಂದು ಬೇರೆಯೇ ರಿಮೋಟು. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದು ನಂಬರು: ಅನಿಲಕುಮಾರ ಒಂದು, ಮುದುಕವ್ವ ಎರಡು, ಸುವರ್ಣಾ ಮೂರು, ಚಿನ್ನು ನಾಲ್ಕು. ಟೀವಿ ಮುಂದೆ ಕೂತಾಗ ತಮ್ಮ ನಂಬರು ಒತ್ತಬೇಕು, ಎದ್ದಾಗ ಮತ್ತೆ ಒತ್ತಿ ಆರಿಸಬೇಕು. ಒತ್ತಿದ ನಂಬರಿಗೆ ಡಬ್ಬಿಯ ಮೇಲೆ ಹಸಿರು ದೀಪ ಹತ್ತುತ್ತದೆ. ಯಾರೂ ಒತ್ತದೆ ಟೀವಿ ನಡೆಯುತ್ತಿದ್ದರೆ ಕೆಂಪು ದೀಪ ಮಿಣುಕುತ್ತಲೇ ಇರುತ್ತದೆ. ಡಬ್ಬಿ ಇರುವುದನ್ನು ಹೊರಗಿನವರಿಗೆ ಹೇಳಬಾರದು ಎಂದು ಖಾದರ ಸಹಿ ಮಾಡಿಸಿಕೊಂಡು, ಒಂದು ಬೆಡ್‌ಶೀಟು ಕೊಟ್ಟಿದ್ದ. ಈ ನಾಲ್ಕು ಗುಂಡಿಗಳಿಂದ ಏನಾದೀತು ಎಂದು ಅನಿಲಕುಮಾರ ನಕ್ಕಾಗ ಖಾದರ ನಕ್ಕಿರಲಿಲ್ಲ.

"ಇದು ನಿಮ್ಮ ಒಂದ ಮನಿ ಲೆಕ್ಕ ಅಲ್ರಿ ಅಣ್ಣಾರ. ನಿಮ್ಮಂಥಾ ಸಾವಿರಾರು ಮನಿ ಲೆಕ್ಕ. ನೀವು ನೋಡಿದ್ರ ಅವರೆಲ್ಲಾ ನೋಡಿದಂಗ. ನೀವು ಬಿಟ್ರ ಅವರೆಲ್ಲಾ ಬಿಟ್ಟಂಗ."

ಆ ಮಾತು ಅನಿಲಕುಮಾರನ ಕಿವಿಯಿಂದ ಆಗಲೇ ಜಾರಿಹೋಯಿತು. ಸುವರ್ಣಾ ಮರೆಯಲಿಲ್ಲ. ದಿನಾ ಒಂದೂವರೆಗೆ ಅತ್ತೆಯ ಕೊರಳಿಗೆ ಟವೆಲ್ಲು ಕಟ್ಟಿ, ರಿಮೋಟು ತೆಗೆದು ಎರಡು ಒತ್ತುತ್ತಿದ್ದಳು. ಎರಡು ಗಂಟೆಗೆ ಬಾಯಿ ಒರೆಸಿ ಮತ್ತೆ ಎರಡು ಒತ್ತುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಡಬ್ಬಿ ನೋಡಲು ಬಂದ ಖಾದರ ಚಹಾ ಕುಡಿಯುತ್ತ ತನ್ನ ಹಾಳೆ ತಿರುವಿ, ಮಧ್ಯಾಹ್ನ ಎರಡನೇ ನಂಬರಷ್ಟೇ ಹತ್ತುತ್ತದೆ, ಮೂರನೇ ನಂಬರು ಒಂದು ಸಲವೂ ಹತ್ತಿಲ್ಲ, ಯಾಕೆ ಎಂದು ಕೇಳಿದ.

"ನಾ ಎಲ್ಲಿ ನೋಡ್ತೇನ್ರಿ," ಎಂದಳು ಸುವರ್ಣಾ. "ನೋಡೋರು ನಮ್ಮ ಅತ್ತಿ. ನಾ ಉಣಸ್ತೇನಿ."

"ಕಣ್ಣ ಮುಚ್ಚಿಕೊಂಡ ಉಣಸ್ತೀರೇನ್ರಿ ಅಕ್ಕಾರ?"

ಸುವರ್ಣಾ ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಆ ಮನೆಗೆ ಬಂದು ಹದಿಮೂರು ವರ್ಷದಲ್ಲಿ ಅತ್ತೆಯ ಎದುರು ಅವಳು ಕುರ್ಚಿಯ ಮೇಲೆ ಕೂತವಳಲ್ಲ. ಮುದುಕವ್ವ ಗಟ್ಟಿಯಿದ್ದಾಗ ಸೊಸೆ ಟೀವಿ ನೋಡುವುದೆಂದರೆ ಅಡುಗೆಮನೆಯ ಬಾಗಿಲಿಗೆ ಒರಗಿ, ಕೈಯಲ್ಲೊಂದು ಕೆಲಸ ಹಿಡಿದು, ಹಾಗೇ ಕಣ್ಣು ಹಾಯಿಸುವುದು. ಅದನ್ನು ನೋಡುವುದು ಎಂದು ಯಾರೂ ಕರೆಯುತ್ತಿರಲಿಲ್ಲ. ಅವಳೂ ಕರೆಯಲಿಲ್ಲ. ಆದರೆ ಗಿರಿಜಾಳ ಚಿಕ್ಕಪ್ಪ ಉಯಿಲನ್ನು ಎಲ್ಲಿ ಬಚ್ಚಿಟ್ಟಿದ್ದಾನೆ, ಆಸ್ಪತ್ರೆಯಲ್ಲಿ ಕೂಸು ಅದಲು ಬದಲು ಮಾಡಿದ ನರ್ಸಿನ ಹೆಸರೇನು, ಎಲ್ಲ ಅವಳಿಗೆ ಬಾಯಿಪಾಠ. ಪಕ್ಕದ ಮನೆಯ ನಾಗರತ್ನಾ ಸೀರೆಗೆ ಕುಚ್ಚು ಕಟ್ಟುವ ಕೆಲಸದ ಅವಸರದಲ್ಲಿ ಒಂದು ದಿನದ ಕಂತು ತಪ್ಪಿಸಿಕೊಂಡರೆ ಬಂದು ಕೇಳುತ್ತಿದ್ದುದು ಸುವರ್ಣಾಳನ್ನೇ. ಅವಳು ಮಾತಿಗೆ ಮಾತು ಹೇಳುತ್ತಿದ್ದಳು.

ಖಾದರ ಲೋಟ ಕೆಳಗಿಟ್ಟು ದನಿ ತಗ್ಗಿಸಿದ. ಎರಡನೇ ನಂಬರಿನ ಎದುರು ವಯಸ್ಸು ಎಪ್ಪತ್ತೊಂದು ಎಂದು ಬರೆದಿದೆ. ಎಪ್ಪತ್ತೊಂದರ ಮುದುಕಿ ಏನು ಕೊಳ್ಳುತ್ತಾಳೆ? ಸೋಪು, ಸೀರೆ, ಮಿಕ್ಸರು ಮಾರುವವರಿಗೆ ಮೂವತ್ತು ಮೂವತ್ತೈದರ ಹೆಣ್ಣುಮಕ್ಕಳ ಕಣ್ಣು ಬೇಕು. ಆ ಕಣ್ಣು ಇಲ್ಲದ ಧಾರಾವಾಹಿಗೆ ಅವರು ಜಾಹೀರಾತು ಕೊಡುವುದಿಲ್ಲ. ಇಷ್ಟು ಹೇಳಿ ಅವನಿಗೆ ತಾನು ಹೇಳಬಾರದ್ದು ಹೇಳಿದೆನೆಂದು ನೆನಪಾಗಿ ಎದ್ದ. ಏನು ನೋಡಬೇಕು ಅಂತ ನಾ ಹೇಳುವ ಹಾಗಿಲ್ಲ, ನೋಡಿದರೆ ಒತ್ತಿ, ನೋಡದಿದ್ದರೆ ಬೇಡ, ಎಂದು ಚಪ್ಪಲಿ ಮೆಟ್ಟಿದ.

ಸುವರ್ಣಾ ಮಾರನೆಯ ದಿನವೂ ಎರಡನ್ನೇ ಒತ್ತಿದಳು.

ಮೇ ಮೊದಲ ವಾರ ನಾಗರತ್ನಾ ಮೊಬೈಲು ಹಿಡಿದುಕೊಂಡೇ ಪಡಸಾಲೆಗೆ ಬಂದಳು. 'ಅರಿಶಿನದ ದಾರ'ಕ್ಕೆ ಟಿಆರ್‌ಪಿ ಬೀಳುತ್ತಿದೆಯಂತೆ. ಮೊದಲು ಸಂಜೆ ಏಳಕ್ಕೆ ಇದ್ದುದನ್ನು ಮಧ್ಯಾಹ್ನಕ್ಕೆ ತಳ್ಳಿದ್ದೂ ಇದೇ ಕಾರಣಕ್ಕಂತೆ. ಜೂನ್ ಒಳಗೆ ಏರಿದರೆ ಸರಿ, ಇಲ್ಲದಿದ್ದರೆ ಮುಗಿಸಿ ಆ ಹೊತ್ತಿಗೆ ಡಬ್ಬಿಂಗ್ ಧಾರಾವಾಹಿ ಹಾಕುತ್ತಾರಂತೆ. ಇನ್ನೂ ಗಿರಿಜಾಳ ಲಗ್ನವೇ ಆಗಿಲ್ಲ, ಅರ್ಧಕ್ಕೆ ಹೆಂಗ ಬಿಡತಾರ ಎಂದು ನಾಗರತ್ನಾ ತನ್ನ ಮನೆಯ ಹುಡುಗಿಯ ಮಾತೇನೋ ಎಂಬಂತೆ ಗೊಣಗಿದಳು. ಡಬ್ಬಿಯ ಕಡೆ ಅವಳ ಕಣ್ಣು ಹೋಗಲಿಲ್ಲ. ಅದನ್ನು ಅವಳು ಕೇಬಲ್ಲಿನವರದೆಂದೇ ತಿಳಿದಿದ್ದಳು.

ಆ ಮಧ್ಯಾಹ್ನ ಸುವರ್ಣಾ ಎರಡು ಒತ್ತಿದಳು. ಸ್ವಲ್ಪ ತಡೆದು ಮೂರನ್ನೂ ಒತ್ತಿದಳು. ಎರಡು ಹಸಿರು ದೀಪ ಅಕ್ಕಪಕ್ಕ ಹತ್ತಿದವು. ಆ ಅರ್ಧ ತಾಸು ಅವಳಿಗೆ ಸರಿಯಾಗಿ ಉಣಿಸಲಾಗಲಿಲ್ಲ. ಯಾರೋ ಬೆನ್ನ ಹಿಂದೆ ನಿಂತು ತನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಆದರೂ ಎರಡು ವಾರ ಬಿಡದೆ ಇಬ್ಬರ ನಂಬರನ್ನೂ ಒತ್ತಿದಳು. ಅತ್ತೆಯ ಹೊಟ್ಟೆ ತುಂಬಬೇಕಾದರೆ ಗಿರಿಜಾ ಬದುಕಬೇಕು. ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ.

ಯೋಚಿಸುವಂಥದ್ದು ಬಂದದ್ದು ರಾಯಣ್ಣ ಮಾಸ್ತರರ ಫೋನಿನಿಂದ.

ರಾಯಣ್ಣ ಮಾಸ್ತರರು ಅಸೂಟಿಯಲ್ಲಿ ಸುವರ್ಣಾಗೆ ಏಳನೇ ಇಯತ್ತೆಗೆ ಗಣಿತ ಕಲಿಸಿದವರು. ಈಗ ಲಕ್ಕಲಕಟ್ಟಿಯ ಶಾಲೆಗೆ ಹೆಡ್‌ಮಾಸ್ತರು. ಸುವರ್ಣಾ ಡಿ.ಎಡ್. ಮುಗಿಸಿದ್ದು ಅವರಿಗೆ ನೆನಪಿತ್ತು. ಮುಗಿಸಿದ ವರ್ಷವೇ ಲಗ್ನವಾಗಿ, ಆ ಕಾಗದ ಟ್ರಂಕಿನ ತಳದಲ್ಲಿ ಸೀರೆಯ ಮಡಿಕೆಯಲ್ಲಿ ಹದಿಮೂರು ವರ್ಷ ಮಲಗಿತ್ತು. ಅತಿಥಿ ಶಿಕ್ಷಕಿಯ ಜಾಗ ಒಂದಿದೆ, ಬರುವುದಾದರೆ ಜುಲೈ ಒಂದರೊಳಗೆ ಹೆಸರು ಕಳಿಸಬೇಕು, ಅಲ್ಲಿಯವರೆಗೆ ಬೇರೆ ಯಾರಿಗೂ ಮಾತು ಕೊಡುವುದಿಲ್ಲ ಎಂದರು. ಬಸ್ಸಿಗೆ ಇಪ್ಪತ್ತು ನಿಮಿಷದ ದಾರಿ. ಫೋನಿಟ್ಟ ಮೇಲೆ ಸುವರ್ಣಾ ಟ್ರಂಕು ತೆಗೆದು ಕಾಗದವನ್ನು ಮುಟ್ಟಿ ನೋಡಿದಳು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು.

ಅನಿಲಕುಮಾರ ಮೂರು ಗಂಟೆಗೆ ಊಟಕ್ಕೆ ಬಂದಾಗ ಹೇಳಿದಳು. ಅವನು ಕೆಟ್ಟವನಲ್ಲ, ಕೈ ಎತ್ತಿದವನೂ ಅಲ್ಲ. ರೊಟ್ಟಿ ಮುರಿಯುತ್ತ ಪೂರ್ತಿ ಕೇಳಿಸಿಕೊಂಡ. ಬೆಳಿಗ್ಗೆ ಹಾಲು ನೀನೇ ಕುಡಿಸಿ ಹೋಗು, ಸಂಜೆ ಬಂದು ಕುಡಿಸು, ಮಲ ಮೂತ್ರಕ್ಕೆ ಹೊಳೆವ್ವ ಇರುತ್ತಾಳೆ, ಅದೆಲ್ಲ ಸರಿ ಎಂದ. ಆಮೇಲೆ ಟೀವಿಯ ಕಡೆ ಗದ್ದ ಎತ್ತಿ ತೋರಿಸಿದ.

"ಒಂದೂವರಿಗೆ ಯಾರು ಉಣಸ್ತಾರ? ಅದನ್ನ ಹೇಳು. ಆ ಧಾರಾವಾಹಿ ಮುಗೀಲಿ, ಆಮ್ಯಾಲ ಹೋಗೀಯಂತ."

ಹೇಳಿ ತಾನೇ ನಕ್ಕ. ಧಾರಾವಾಹಿಗಳು ಮುಗಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ನಗೆ. ಸುವರ್ಣಾ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಅವಳಿಗೆ ಆಗ ಸಿಟ್ಟೇನೂ ಬಂದಿರಲಿಲ್ಲ. ಮುಗಿದರೆ ಹೋಗಬಹುದು ಎಂದ ಹಾಗಾಯಿತಲ್ಲ ಎಂದಷ್ಟೇ ತಲೆಯಲ್ಲಿ ಕೂತಿತು.

ಮರು ಸೋಮವಾರ ಒಂದೂವರೆಗೆ ಟೀವಿ ಹಚ್ಚಿದಳು, ಟವೆಲ್ಲು ಕಟ್ಟಿದಳು, ನುಚ್ಚು ಕಲಸಿದಳು. ಗಿರಿಜಾ ಬಂದಳು, ಬಾಯಿ ತೆರೆಯಿತು, ಮೊದಲ ತುತ್ತು ಇಳಿಯಿತು. ರಿಮೋಟು ಮಂಚದ ಅಂಚಿನಲ್ಲೇ ಇತ್ತು. ಡಬ್ಬಿಯ ಕೆಂಪು ದೀಪ ಮಿಣುಕತೊಡಗಿತು. ಇನ್ನೊಂದು ತುತ್ತು ಆಗಲಿ, ಆಮೇಲೆ ಒತ್ತುತ್ತೇನೆ ಎಂದುಕೊಂಡಳು. ಹತ್ತು ತುತ್ತಾಯಿತು. ಇಪ್ಪತ್ತಾಯಿತು. ದೀಪ ಮಿಣುಕುತ್ತಲೇ ಇತ್ತು. ಜಾಹೀರಾತು ಬಂದಾಗ ಎದ್ದು, ಚಿನ್ನುವಿನ ಹಳೆಯ ಕರವಸ್ತ್ರವನ್ನು ಡಬ್ಬಿಯ ಮೇಲೆ ಹೊದಿಸಿ ಬಂದು ಕೂತಳು.

ಅವಳ ಲೆಕ್ಕ ನೇರವಾಗಿತ್ತು. ಅತ್ತೆಗೆ ಹಸಿವು ಇಲ್ಲವೆಂದಲ್ಲ. ಇದೊಂದು ಹಟ, ರೂಢಿ. ಗಿರಿಜಾ ಹೋದರೆ ಎರಡು ದಿನ ಮುನಿಸಿಕೊಂಡಾಳು, ಮೂರನೇ ದಿನ ಹೊಟ್ಟೆ ಕೇಳುತ್ತದೆ. ಹಸಿವಿಗೆ ರುಚಿ ಬೇಡ, ನಿದ್ದೆಗೆ ಹಾಸಿಗೆ ಬೇಡ ಎಂದು ಮುದುಕವ್ವನೇ ಎಷ್ಟು ಸಲ ಹೇಳಿರಲಿಲ್ಲ? ಹೊಸದಾಗಿ ಬಂದ ಸೊಸೆ ಈ ಮನೆಯ ಖಾರ ಹತ್ತದೆ ತಾಟು ಸರಿಸಿದಾಗ ಹೇಳಿದ ಮಾತು ಅದು. ಆಮೇಲೆ ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ನುಚ್ಚು ತಿನ್ನಿಸಬಹುದು. ನಡುವಿನ ಹೊತ್ತು ತನ್ನದು. ಕಾಗದ ಟ್ರಂಕಿನಲ್ಲಿ ಮಲಗಿದ ಹದಿಮೂರು ವರ್ಷದ ಮುಂದೆ ಎರಡು ದಿನದ ಮುನಿಸು ಹೆಚ್ಚೇನಲ್ಲ ಎಂದುಕೊಂಡಳು.

ಮೂರನೇ ವಾರ ಖಾದರ ಫೋನು ಮಾಡಿದ. ಆಫೀಸಿನವರು ಕೇಳುತ್ತಿದ್ದಾರೆ, ಮಧ್ಯಾಹ್ನ ಟೀವಿ ನಡೆಯುತ್ತಿರುವುದು ಗೊತ್ತಾಗುತ್ತದೆ, ನಂಬರು ಒಂದೂ ಇಲ್ಲ, ಆ ಹೊತ್ತಿನದು ಲೆಕ್ಕಕ್ಕೆ ಹಿಡಿಯಲು ಬರುವುದಿಲ್ಲ, ಅಜ್ಜಿ ನೋಡುವುದನ್ನು ಬಿಟ್ಟರೇನು ಎಂದ. ಸುವರ್ಣಾ ಆಗ ಅತ್ತೆಯ ಬಾಯಿ ಒರೆಸುತ್ತಿದ್ದಳು.

"ಅತ್ತಿ ಮಲಗತಾಳ್ರಿ ಮಧ್ಯಾಹ್ನ. ಟೀವಿ ಸುಮ್ನ ನಡದಿರತೈತಿ. ಯಾರೂ ನೋಡಂಗಿಲ್ಲ."

"ಖರೇ ಏನ್ರಿ ಅಕ್ಕಾರ?"

"ಖರೇನರಿ."

ಮುದುಕವ್ವ ಕಣ್ಣು ಬಿಟ್ಟುಕೊಂಡು ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣಿಗೆ ಎಷ್ಟು ಕಾಣುತ್ತಿತ್ತು, ಆ ಕಿವಿಗೆ ಎಷ್ಟು ತಿಳಿಯುತ್ತಿತ್ತು, ಹೇಳುವವರಿಲ್ಲ.

ಜೂನ್ ಮೂರನೇ ವಾರ ಧಾರಾವಾಹಿಯವರಿಗೆ ಅವಸರ ಹತ್ತಿತು. ಎರಡು ವರ್ಷದಿಂದ ಸಿಗದ ಉಯಿಲು ಮಂಗಳವಾರ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಚಿಕ್ಕಪ್ಪ ಬುಧವಾರ ಕಾಲಿಗೆ ಬಿದ್ದ. ನರ್ಸು ಗುರುವಾರ ಸತ್ಯ ಹೇಳಿ ಸತ್ತಳು. ಶುಕ್ರವಾರ ಗಿರಿಜಾಗೆ ಅರಿಶಿನ ಹಚ್ಚಿದರು. ಶನಿವಾರ ಲಗ್ನವಾಗಿ ತಾಯಿಯ ಮನೆಯಿಂದ ಹೊರಡುವುದು. ಆ ಕಂತಿನ ತುಂಬ ಗಿರಿಜಾಳೇ ಇದ್ದಳು. ಅಳುತ್ತ, ನಗುತ್ತ, ಒಬ್ಬೊಬ್ಬರ ಕಾಲಿಗೂ ನಮಸ್ಕರಿಸುತ್ತ, ಪರದೆಯಿಂದ ಒಂದು ಚಣವೂ ಅತ್ತಿತ್ತ ಹೋಗಲಿಲ್ಲ. ಮುದುಕವ್ವನ ಬಾಯಿ ಮುಚ್ಚಲೇ ಇಲ್ಲ. ನಲವತ್ತೊಂದು ತುತ್ತು ಇಳಿಯಿತು. ಲಕ್ವಾ ಹೊಡೆದ ಮೇಲೆ ಇಷ್ಟು ಉಂಡದ್ದು ಅದೇ ಮೊದಲು. ಸುವರ್ಣಾ ಎದ್ದು ಬಟ್ಟಲಿಗೆ ಇನ್ನಷ್ಟು ಹಾಕಿಕೊಂಡು ಬಂದಳು. ಅಷ್ಟರಲ್ಲಿ ಹೂವು ಮುಚ್ಚಿದ ಕಾರು ತಿರುವಿನಲ್ಲಿ ಮರೆಯಾಗಿ, ಪರದೆಯ ಮೇಲೆ 'ಮುಕ್ತಾಯ' ಎಂದು ಬಂತು. ಮುದುಕಿಯ ಬಾಯಿ ಇನ್ನೂ ಸ್ವಲ್ಪ ಹೊತ್ತು ಹಾಗೇ ತೆರೆದಿತ್ತು.

ಸೋಮವಾರ ಒಂದೂವರೆಗೆ ಬೇರೆ ಯಾವುದೋ ಊರಿನ ಅರಮನೆಯಂಥ ಮನೆ, ತುಟಿಗೂ ಮಾತಿಗೂ ಹೊಂದದ ಹೆಂಗಸರು. ಬಾಯಿ ತೆರೆಯಲಿಲ್ಲ. ಸುವರ್ಣಾ ನಿರೀಕ್ಷಿಸಿದ್ದಳು. ಮಂಗಳವಾರವೂ ನಿರೀಕ್ಷಿಸಿದ್ದಳು. ಬುಧವಾರ ನುಚ್ಚಿಗೆ ಬೆಲ್ಲ ಹಾಕಿದಳು, ಗುರುವಾರ ತುಪ್ಪ ಹಾಕಿದಳು. ತುಟಿಗೆ ಚಮಚ ತಾಗಿಸಿದರೆ ಹಲ್ಲು ಕಚ್ಚುತ್ತಿದ್ದಳು. ಬೆಳಗಿನ ಹಾಲೂ ಕಟವಾಯಿಯಿಂದ ಹೊರಗೆ ಹರಿಯತೊಡಗಿತು. ಶುಕ್ರವಾರ ಸುವರ್ಣಾ ಹಸಿರು ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಟೀವಿಯ ಮುಂದೆ ನಿಂತಳು. ಮುದುಕಿ ಅವಳನ್ನು ದಾಟಿ ಹಿಂದಿನ ಪರದೆಯನ್ನು ನೋಡುತ್ತಿದ್ದಳು.

"ಅತ್ತಿ, ಉಣ್ಣ. ಒಂದ ತುತ್ತು. ನಾ ತಪ್ಪ ಮಾಡೇನಿ, ಉಣ್ಣ."

ಏನು ತಪ್ಪು ಎಂದು ಕೇಳುವವರು ಯಾರೂ ಪಡಸಾಲೆಯಲ್ಲಿ ಇರಲಿಲ್ಲ. ಡಬ್ಬಿಯ ಮೇಲಿನ ಕರವಸ್ತ್ರ ಕಿತ್ತೆಸೆದು ಎರಡನೇ, ಮೂರನೇ ನಂಬರುಗಳನ್ನು ಒತ್ತಿದಳು. ಹಸಿರು ದೀಪಗಳು ಹತ್ತಿದವು. ಟೀವಿಯನ್ನು ಅದೇ ಚಾನೆಲ್ಲಿಗೆ ಇಟ್ಟು ಇಡೀ ದಿನ ನಡೆಸಿದಳು. ಆ ದಿನದ ಲೆಕ್ಕದಲ್ಲಿ ಅವರ ಮನೆಯೂ, ಅದರಂಥ ಸಾವಿರಾರು ಮನೆಗಳೂ ಅರಮನೆಯ ಡಬ್ಬಿಂಗ್ ಧಾರಾವಾಹಿಯನ್ನು ಮೆಚ್ಚಿ ನೋಡಿದ ಹಾಗಾಯಿತು.

ಗದಗಿನ ಡಾಕ್ಟರು ಮೂಗಿನಿಂದ ನಳಿಗೆ ಇಳಿಸಿ ಕಳಿಸಿದರು. ಮುದುಕವ್ವ ಎಡಗೈಯಿಂದ ಅದನ್ನು ಎರಡು ಸಲ ಕಿತ್ತಳು. ಮೂರನೇ ಸಲ ಹಾಕಿದಾಗ ಎಡಗೈಯನ್ನು ಮೆತ್ತನೆಯ ಬಟ್ಟೆಯಿಂದ ಮಂಚಕ್ಕೆ ಕಟ್ಟಬೇಕಾಯಿತು. ಕಟ್ಟಿದ್ದು ಅನಿಲಕುಮಾರ. ನಳಿಗೆಯಲ್ಲಿ ಹಾಲು ಬಿಡುವುದು ಸುಲಭ, ಅದನ್ನು ಹೊಳೆವ್ವನೂ ಒಂದೇ ದಿನದಲ್ಲಿ ಕಲಿತಳು. ಇನ್ನು ನೀ ಹೋಗಬಹುದಲ್ಲ, ಮಾಸ್ತರರಿಗೆ ಫೋನು ಮಾಡು ಎಂದು ಅನಿಲಕುಮಾರನೇ ಹೇಳಿದ. ಕೊಟ್ಟ ಮಾತನ್ನು ಅವನು ಮರೆಯುವವನಲ್ಲ.

ಜುಲೈ ಒಂದರಂದು ಸುವರ್ಣಾ ಲಕ್ಕಲಕಟ್ಟಿಯ ಶಾಲೆಗೆ ಹೋದಳು. ಮೂರನೇ ಇಯತ್ತೆ ಕೊಟ್ಟರು. ಕಿಟಕಿಯಿಂದ ಗುಡ್ಡದ ಸಾಲಿನ ಗಾಳಿಯಂತ್ರಗಳು ಕಾಣುತ್ತಿದ್ದವು. ಮಕ್ಕಳು ಬಿಸಿಯೂಟಕ್ಕೆ ಸಾಲಾಗಿ ಕೂತಾಗ ಸೌಟು ಹಿಡಿದು ಬಡಿಸುವುದು ಅವಳ ಪಾಳಿ. ಗೆದ್ದೆನೆಂದು ಅನಿಸಲಿಲ್ಲ. ಸೋತೆನೆಂದೂ ಅನಿಸಲಿಲ್ಲ. ಮಗ್ಗಿ ಹೇಳಿಕೊಡುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಹನ್ನೊಂದನೇ ದಿನ ಬಿಸಿಯೂಟದ ಹೊತ್ತಿಗೆ ಫೋನು ಬಂತು. ಬಸ್ಸು ಸಿಗದೆ ಯಾರದೋ ಬೈಕಿನ ಹಿಂದೆ ಕೂತು ಬಂದಳು. ಅಷ್ಟರಲ್ಲಿ ಮುದುಕವ್ವನ ಕೈ ಬಿಚ್ಚಿ, ಮೂಗಿನ ನಳಿಗೆ ತೆಗೆದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ ಬಾಯಿ ಮುಚ್ಚಿಸಿದ್ದರು. ಎಡಗೈ ಮಣಿಕಟ್ಟಿನ ಸುತ್ತ ಕೆಂಪು ಗೀರು ಇತ್ತು. ವಿಭೂತಿ ಹಚ್ಚುವಾಗ ಯಾರೋ ಅದರ ಮೇಲೂ ಹಚ್ಚಿದರು.

ಮಾತಾಡಿಸಲು ಬಂದವರಿಗೆಲ್ಲ ಅನಿಲಕುಮಾರ ಒಂದೇ ಮಾತು ಹೇಳುತ್ತಿದ್ದ.

"ಆ ಧಾರಾವಾಹಿ ನಿಲ್ಲಿಸಿ ನಮ್ಮವ್ವನ್ನ ಕೊಂದ್ರು ನೋಡ್ರಿ. ಯಾರಿಗಿ ಹೇಳಬೇಕು ಇದನ್ನ?"

ಬಂದವರು ತಲೆ ಅಲ್ಲಾಡಿಸುತ್ತಿದ್ದರು. ಈಗಿನ ಚಾನೆಲ್ಲಿನವರಿಗೆ ಕರುಣೆ ಇಲ್ಲ ಎಂದು ಒಬ್ಬರು, ಎಲ್ಲ ಸೋಪಿನವರ ಆಟ ಎಂದು ಇನ್ನೊಬ್ಬರು ಹೇಳಿದರು. ನಾಗರತ್ನಾ ಅಳುತ್ತ, ಮೂರು ವರ್ಷ ಕೂಸಿನ ಹಾಗೆ ಉಣಿಸಿದ ಸೊಸೆ, ಹೆತ್ತ ಮಗಳೂ ಹೀಗೆ ಮಾಡುವುದಿಲ್ಲ ಎಂದು ಸುವರ್ಣಾಳ ಬೆನ್ನು ಸವರಿದಳು. ಸುವರ್ಣಾ ಎಲ್ಲರಿಗೂ ಚಹಾ ಕೊಟ್ಟಳು. ಲೋಟ ಸಾಲದೆ ಅಂಗಡಿಯಿಂದ ಹೊಸ ಲೋಟ ತರಿಸಬೇಕಾಯಿತು.

ಖಾದರ ಬಂದದ್ದು ಆಗಸ್ಟಿನ ಎರಡನೇ ಶನಿವಾರ. ಶನಿವಾರ ಬೆಳಗಿನ ಶಾಲೆ, ಹನ್ನೆರಡೂವರೆಗೆಲ್ಲ ಸುವರ್ಣಾ ಮನೆಗೆ ಬಂದಿದ್ದಳು. ಚಿನ್ನು ನಾಗರತ್ನಾಳ ಮನೆಯಲ್ಲಿ ಕುಚ್ಚಿನ ದಾರ ಬಿಡಿಸುತ್ತಿದ್ದಳು. ಮಂಚ ಇದ್ದ ಜಾಗ ಖಾಲಿಯಾಗಿ ಗೋಡೆಯ ಮೇಲೆ ದಿಂಬಿನ ಎಣ್ಣೆ ಗುರುತು ಮಾತ್ರ ಉಳಿದಿತ್ತು. ಖಾದರ ಚಪ್ಪಲಿ ಬಿಟ್ಟು, ಅಜ್ಜಿಯ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಕೆಲಸಕ್ಕೆ ಕೂತ. ಮನೆಯಲ್ಲಿ ಜನ ಕಡಿಮೆಯಾದರೆ ನಂಬರು ತೆಗೆಯಬೇಕು. ಡಬ್ಬಿಯ ಹಿಂದೆ ಏನೋ ಒತ್ತಿ, ಆಫೀಸಿಗೆ ಫೋನು ಮಾಡಿ, ಎರಡು ತೆಗೀರಿ, ಹೌದು, ಎರಡು, ಎಂದ. ತೀರಿಕೊಂಡ ತಾರೀಖು ಕೇಳಿ ಬರೆದುಕೊಂಡ. ಹಾಳೆಯಲ್ಲಿ ಮುದುಕವ್ವನ ಹೆಸರಿನ ಮೇಲೆ ಗೆರೆ ಎಳೆದ.

ಅವನು ಚೀಲಕ್ಕೆ ಸಾಮಾನು ತುಂಬುತ್ತಿದ್ದಾಗ ಸುವರ್ಣಾ ಕೇಳಿದಳು.

"ಒಂದ ಮನಿಯವರು ಒತ್ತದಿದ್ರ ಧಾರಾವಾಹಿ ನಿಂದರತೈತೇನ್ರಿ?"

ಖಾದರ ಜಿಪ್ಪು ಎಳೆಯುತ್ತ ತಲೆ ಎತ್ತಿದ. ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಕೇಳಿರಬೇಕು.

"ಏ, ಒಂದ ಮನಿಯಿಂದ ಏನ ಆಗತೈತ್ರಿ ಅಕ್ಕಾರ. ಎಲ್ಲಾರೂ ಒತ್ತೋದು ಬಿಟ್ಟಿರಬೇಕು."

"ನೀವ ಹೇಳಿದ್ರಲ್ಲಾ, ಸಾವಿರಾರು ಮನಿ ಲೆಕ್ಕ ಅಂತ."

"ಹೌದ್ರಿ," ಎಂದ ಅವನು. ಒಂದು ಪ್ಲಾಸ್ಟಿಕ್ ಊಟದ ಡಬ್ಬಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ. ಒಂದು ವರ್ಷ ಪೂರೈಸಿದ ಮನೆಗಳಿಗೆ ಕಂಪನಿ ಕೊಡುವ ಉಡುಗೊರೆ. ನಾಲ್ಕರಲ್ಲಿ ಮೂರು ನಂಬರು ಉಳಿದಿವೆ, ತಪ್ಪದೆ ಒತ್ತಿ ಎಂದು ಹೇಳಿ ಹೋದ.

ಸುವರ್ಣಾ ಗಡಿಯಾರ ನೋಡಿದಳು. ಒಂದೂವರೆಗೆ ಎರಡು ನಿಮಿಷ ಇತ್ತು. ಶಾಲೆಯಿಂದ ಬಂದವಳು ಇನ್ನೂ ಉಂಡಿರಲಿಲ್ಲ. ಒಳಗೆ ಹೋಗಿ ಬಟ್ಟಲಿಗೆ ಅನ್ನ ಮಜ್ಜಿಗೆ ಹಾಕಿಕೊಂಡು ಬಂದು, ಟೀವಿ ಹಚ್ಚಿ, ಎದುರಿನ ಕುರ್ಚಿಯ ಮೇಲೆ ಕೂತಳು. ಡಬ್ಬಿಯ ಕೆಂಪು ದೀಪ ಮಿಣುಕಿತು. ರಿಮೋಟು ಕೈಗೆ ತೆಗೆದುಕೊಂಡು, ಬೆರಳ ರೂಢಿಗೆ, ಎರಡು ಒತ್ತಿದಳು. ಏನೂ ಹತ್ತಲಿಲ್ಲ. ಮತ್ತೊಮ್ಮೆ ಒತ್ತಿದಳು. ಆಮೇಲೆ ಮೂರು ಒತ್ತಿದಳು. ಹಸಿರು ದೀಪ ಹತ್ತಿತು.

ಅರಮನೆಯ ಹೆಂಗಸರು ಮೆಟ್ಟಿಲ ಮೇಲೆ ನಿಂತು ಜಗಳಾಡಿದರು. ಆಮೇಲೆ ಜಾಹೀರಾತು. ಬಟ್ಟೆ ಸೋಪಿನ ನೊರೆಯ ನಡುವಿನಿಂದ ಹಸಿರು ಸೀರೆಯ ಹುಡುಗಿಯೊಬ್ಬಳು ಸೆರಗನ್ನು ಸೊಂಟಕ್ಕೆ ಸಿಗಿಸುತ್ತ ಎದ್ದು ನಿಂತು ನಕ್ಕಳು. ಗಿರಿಜಾಳ ಪಾತ್ರ ಮಾಡುತ್ತಿದ್ದವಳು.

ಸುವರ್ಣಾಳ ಚಮಚ ಬಟ್ಟಲಿನಲ್ಲೇ ಇತ್ತು. ಅವಳ ಬಾಯಿ ತೆರೆಯಿತು.